ಒಂದೇ ಮನೆಯಲ್ಲಿ ವಾಸವೇ?

ಕನ್ನಡಕದ ಗಾಜು ಉಜ್ಜುವ ಕಾರ್ಖಾನೆಯಲ್ಲಿ ಅವಳಿಗೆ ‘ಮಿಲಿಮೀಟರಮ್ಮ’ ಎಂದೇ ಹೆಸರು. ಮೂವತ್ತೊಂದು ವರ್ಷದಲ್ಲಿ ಅವಳ ಕೈ ದಾಟಿದ ಒಂದು ಗಾಜೂ ವಾಪಸು ಬಂದಿರಲಿಲ್ಲ. ಮನೆಯಲ್ಲೂ ಅದೇ ಕಟ್ಟುನಿಟ್ಟು. ಹನ್ನೊಂದನೇ ವಯಸ್ಸಿಗೆ ಮಗಳಿಗೆ ಸಕ್ಕರೆ ಕಾಯಿಲೆ ಅಂಟಿಕೊಂಡಂದಿನಿಂದ, ತಟ್ಟೆಯನ್ನು ತಕ್ಕಡಿಯ ಮೇಲಿಟ್ಟೇ ಬಡಿಸುತ್ತಿದ್ದಳು. ಇಪ್ಪತ್ಮೂರು ತುಂಬಿದ ಮಗಳು ಒಂದು ದಿನ “ನಾನೇನು ತರಕಾರಿನಾ ತೂಗೋಕೆ?” ಎಂದು ಸಿಡಿದು, ಹಾಸಿಗೆ ಸುತ್ತಿಕೊಂಡು, ತಾನು ಕೆಲಸ ಮಾಡುವ ಸೈಕಲ್ ರಿಪೇರಿ ಅಂಗಡಿಯ ಮಹಡಿಗೆ ಹೋಗಿಬಿಟ್ಟಳು. ಏಳು ತಿಂಗಳಿಂದ ಮಾತಿಲ್ಲ.

ಈಗ ಕಾರ್ಖಾನೆಯ ಆರೋಗ್ಯ ವಿಮೆಯನ್ನು ನವೀಕರಿಸುವ ಫಾರಂ ಬಂದಿತ್ತು. ಮದುವೆಯಾಗದ ಮಕ್ಕಳಿಗೆ ಇಪ್ಪತ್ತೈದು ತುಂಬುವವರೆಗೆ ತಾಯಿಯ ವಿಮೆಯಲ್ಲೇ ಜಾಗವುಂಟು. ಆದರೆ ಒಂದೇ ಮನೆಯಲ್ಲಿ ವಾಸವಿರಬೇಕು. ಇದು ತಪ್ಪಿದರೆ, ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳುವ ಹುಡುಗಿಗೆ ಹೊಸದಾಗಿ ವಿಮೆ ಕೊಡುವವರು ಯಾರೂ ಇರಲಿಲ್ಲ.

“ಹೌದು ಅಂತ ಗೀಚಿ ಕೊಡಮ್ಮ. ಯಾರು ಬಂದು ನೋಡ್ತಾರೆ?” ಎಂದ ಗುಮಾಸ್ತ.

“ನಾನು ದಿನಾ ನೋಡ್ತೀನಲ್ಲ, ಅವಳ ಕೋಣೆ ಖಾಲಿ ಇರೋದನ್ನ.”

“ಹಾಗಾದ್ರೆ ಇಲ್ಲ ಅಂತ ಬರಿ. ನಾಳೆ ಹತ್ತು ಗಂಟೆಗೆ ಫಾರಮ್ಮೆಲ್ಲ ಕಳಿಸ್ಬಿಡ್ತೀನಿ, ಆಮೇಲೆ ಅತ್ಕೊಂಡು ಬರ್ಬೇಡ.”

ಸಂಜೆ ಅವಳು ಸೈಕಲ್ ಅಂಗಡಿಗೆ ಹೋದಳು. ಮಗಳು ಚಕ್ರವೊಂದನ್ನು ತಿರುಗಿಸಿ, ಅದರ ಓಲಾಟ ನೋಡುತ್ತಾ ಕಡ್ಡಿ ಬಿಗಿಯುತ್ತಿದ್ದಳು. ತಲೆ ಎತ್ತಲಿಲ್ಲ.

“ಮನೆಗೆ ಬಾ. ವಿಮೆ ಫಾರಂ ತುಂಬಬೇಕು.”

“ತುಂಬ್ಕೊ. ಬೇಡ ಅಂದೋರ್ಯಾರು?”

“ನೀನು ಮನೇಲೇ ಇಲ್ಲ. ಇದಾಳೆ ಅಂತ ಹೇಗೆ ಬರೀಲಿ?”

ಮಗಳು ಸ್ಪ್ಯಾನರ್ ಕುಕ್ಕಿದಳು. “ಅಂದ್ರೆ ನಾನು ಬೇಕಾಗಿರೋದು ನಿನಗಲ್ಲ, ನಿನ್ನ ಫಾರಮ್ಮಿಗೆ!”

“ಸುಳ್ಳು ಬರೆದು, ನೀನು ಆಸ್ಪತ್ರೇಲಿ ಬಿದ್ದಿರೋವಾಗ ವಿಮೆಯವರು ವಿಳಾಸ ಕೆದಕಿ ಕೈ ಎತ್ತಿದ್ರೆ? ಇಷ್ಟೂ ಬುದ್ಧಿ ಇಲ್ವಾ?”

“ಓ, ಬುದ್ಧೀನೂ ತೂಗಿ ಆಯ್ತಾ?”

ಪಂಪು ಹೊಡೆಯುತ್ತಿದ್ದ ಅಂಗಡಿಯ ಯಜಮಾನ ಕೆಮ್ಮಿದ. “ತಾಯಿ ಮಗಳು ಹೊರಗೆ ಹೋಗಿ ಕಿತ್ತಾಡಿ. ಗಿರಾಕಿಗಳು ಹೆದರ್ತಾರೆ.”

ಮಗಳು ಚಕ್ರವನ್ನು ಮತ್ತೊಮ್ಮೆ ತಿರುಗಿಸಿದಳು. ಅವಳ ಬಳಿ ಉಳಿದಿದ್ದ ಇನ್ಸುಲಿನ್ ಹನ್ನೆರಡು ದಿನಕ್ಕೆ. ಅದು ತಾಯಿಗೂ ಗೊತ್ತಿತ್ತು. ಮಗಳು ಔಷಧ ಕೊಂಡಾಗೆಲ್ಲ ವಿಮೆಯವರ ಸಂದೇಶ ತಾಯಿಯ ಫೋನಿಗೇ ಬರುತ್ತಿತ್ತು.

“ಬರ್ತೀನಿ. ಆದ್ರೆ ತಕ್ಕಡಿ ಕಣ್ಣಿಗೆ ಬೀಳಬಾರದು,” ಎಂದಳು ಮಗಳು.

“ಅಟ್ಟಕ್ಕೆ ಹಾಕ್ತೀನಿ.”

“ಇಪ್ಪತ್ತೈದು ತುಂಬಿದ ದಿನಾನೇ ಹೊರಡ್ತೀನಿ.”

“ಹೊರಡು. ಕಾಲು ಹಿಡ್ಕೊಂಡಿರೋರು ಯಾರು?”

ಏಳೂಕಾಲಿಗೆ ಹಾಸಿಗೆಯ ಸುರುಳಿ ಹೊಸ್ತಿಲು ದಾಟಿತು. ಅದು ಕೋಣೆಯೊಳಗೆ ಧೊಪ್ಪೆಂದು ಬಿದ್ದ ಸದ್ದು ಕೇಳಿದ ಮೇಲೆಯೇ ಮಿಲಿಮೀಟರಮ್ಮ ಪೆನ್ನಿನ ಮುಚ್ಚಳ ತೆಗೆದು ‘ಹೌದು’ ಎಂದು ಬರೆದಳು. ಮಗಳು ಮುಖ ಗಂಟಿಕ್ಕಿಕೊಂಡು ಸಹಿ ಹಾಕಿದಳು.

ಊಟಕ್ಕೆ ಮಗಳು ತಾನೇ ಬಡಿಸಿಕೊಂಡಳು, ಬೇಕೆಂದೇ ಧಾರಾಳವಾಗಿ. ತಾಯಿ ಗೋಡೆ ನೋಡುತ್ತಾ ಕುಳಿತಳು. ತುಟಿಯನ್ನೇನೋ ಬಿಗಿಹಿಡಿದಿದ್ದಳು, ಕಣ್ಣು ಮಾತ್ರ ತಟ್ಟೆಗೇ ಜಾರುತ್ತಿತ್ತು.

“ಇನ್ನೂರ ಹತ್ತು ಗ್ರಾಂ,” ಎಂದು ಗೊಣಗಿದಳು.

“ಕೇಳಿಸ್ತು. ಬಾಯ್ಮುಚ್ಕೊಂಡಿರು,” ಎಂದಳು ಮಗಳು. ಎಂದವಳೇ, ಚುಚ್ಚಿಕೊಳ್ಳುವ ಇನ್ಸುಲಿನ್ ಪೆನ್ನಿನಲ್ಲಿ ಡೋಸಿನ ತಿರುಪನ್ನು ಎರಡು ಅಂಕಿ ಮುಂದಕ್ಕೆ ತಿರುಗಿಸಿಕೊಂಡಳು.