ಬೆನ್ನು ತಿರುಗಿಸಿ ನಿಲ್ಲುವ ಹುಡುಗಿ

ಆ ಓಣಿಯಲ್ಲಿ ಅವನನ್ನು ಎಲ್ಲರೂ ರೇಡಿಯೋ ಎಂದೇ ಕರೆಯುತ್ತಿದ್ದರು. ಎರಡು ಕುರ್ಚಿಯ ಕಟಿಂಗ್ ಅಂಗಡಿ ಅವನದು. ಬೆಳಿಗ್ಗೆ ಶಟರ್ ಎತ್ತಿದಾಗ ತೆರೆದ ಬಾಯಿ ಶಟರ್ ಇಳಿಸುವವರೆಗೂ ಮುಚ್ಚುತ್ತಿರಲಿಲ್ಲ. ಅಂಥವನ ಮಗಳನ್ನು ನಾಲ್ಕು ಶಾಲೆಗಳು ಮಾತಾಡುವುದಿಲ್ಲವೆಂದು ವಾಪಸ್ ಕಳಿಸಿದ್ದವು.

ಅವಳು ಮೂಗಿಯಲ್ಲ. ತಾಯಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ, ಬೆಳಗಿನ ಪಾಳಿ. ಹಾಗಾಗಿ ಕೂಸು ಬೆಳೆದದ್ದು ಅಂಗಡಿಯೊಳಗೆ, ಗಿರಾಕಿಗಳ ಬೆನ್ನ ಹಿಂದಿನ ಬೆಂಚಿನ ಮೇಲೆ. "ಅಜ್ಜಾ, ತಲೇಲಿ ಇಲ್ದಿರೋ ಕೂದ್ಲೆಲ್ಲ ಕಿವೀಲಿ ಯಾಕೆ ಬಂತು?" ಎಂದು ಕೇಳಿ, ಸೋಪಿನ ನೊರೆಯಲ್ಲಿ ಮುಳುಗಿದವರನ್ನೂ ನಗಿಸುತ್ತಿದ್ದಳು. ಆದರೆ ಶಾಲೆಯ ಕೋಣೆಯಲ್ಲಿ ಯಾರಾದರೂ ಎದುರು ಕುಳಿತು ಹೆಸರು ಕೇಳಿದರೆ ಸಾಕು, ಮೆಲ್ಲಗೆ ತಿರುಗಿ, ಬೆನ್ನು ತೋರಿಸಿ ನಿಂತುಬಿಡುತ್ತಿದ್ದಳು.

ಮೊದಲ ಶಾಲೆಯವರು ಮುಂದಿನ ವರ್ಷ ನೋಡೋಣ ಎಂದರು. ಎರಡನೆಯವರು ಕಿವಿ ಪರೀಕ್ಷೆಗೆ ಕಳಿಸಿದರು. ಕಿವಿ ಚೆನ್ನಾಗಿಯೇ ಇತ್ತು. ಮೂರನೆಯ ಕಡೆ ಮೇಷ್ಟ್ರು, "ಮನೇಲಿ ಮರ್ಯಾದೆ ಕಲಿಸಿಲ್ಲ ಅನ್ಸುತ್ತೆ" ಎಂದರು. ಅಂದು ಗೇಟಿನ ಹೊರಗೆ ಬಂದು ಅವನು ಮಗಳ ತೋಳು ಚಿವುಟಿದ. ಅವಳು ಅಳಲಿಲ್ಲ. ಕೆಂಪಾದ ಜಾಗವನ್ನು ತಾನೇ ಊದಿಕೊಂಡಳು. ನಾಲ್ಕನೆಯ ಶಾಲೆಯಲ್ಲಂತೂ ಕುಳಿತುಕೊಳ್ಳಿ ಎಂದೂ ಹೇಳಲಿಲ್ಲ.

ಗುಟ್ಟನ್ನು ಬಿಡಿಸಿದವನು ಹಳೆಯ ಗಿರಾಕಿ, ನಿವೃತ್ತ ಬಸ್ ಕಂಡಕ್ಟರ್.

"ರೇಡಿಯೋ, ನಿನ್ ಮಗಳು ಕನ್ನಡಿಯೊಳಗಿರೋರ ಹತ್ರ ಮಾತ್ರ ಮಾತಾಡ್ತಾಳೆ ಕಣೋ. ಬೇಕಾದ್ರೆ ನೋಡು."

ಕಂಡಕ್ಟರ್ ಕುರ್ಚಿ ಸಮೇತ ಹಿಂದಕ್ಕೆ ತಿರುಗಿದ. ಅಲ್ಲಿಯವರೆಗೆ ವಟವಟ ಎನ್ನುತ್ತಿದ್ದವಳು ತಟ್ಟನೆ ಸುಮ್ಮನಾಗಿ ಗೋಡೆಯತ್ತ ಮುಖ ಮಾಡಿದಳು.

ಮನೆಯಲ್ಲಿ ಹೆಂಡತಿಗೆ ಹೇಳಿದರೆ ಅವಳಿಗೆ ಆಶ್ಚರ್ಯವೇ ಆಗಲಿಲ್ಲ. "ನನ್ ಹತ್ರಾನೂ ಅಷ್ಟೇ. ಹಿಂದೆ ಕೂತು ಜಡೆ ಹಾಕೋವಾಗ ಬಾಯಿ ಮುಚ್ಚಲ್ಲ. ನೀವೇನು ಕಡಿಮೆನಾ? ಮದುವೆ ಆದಾಗಿಂದ ನನ್ ಮುಖ ನೋಡಿ ನಾಲ್ಕು ಮಾತಾಡಿದ್ದೀರಾ? ಎಲ್ಲ ಪ್ರವಚನಾನೂ ಬೆನ್ನ ಹಿಂದಿಂದಾನೇ."

"ನನ್ ವಿಷಯ ಬಿಡು."

"ಬಿಟ್ಟೆ. ಈ ಸಲಾನೂ ಸೀಟು ಸಿಗ್ಲಿಲ್ಲ ಅಂದ್ರೆ ವಯಸ್ಸು ಮೀರುತ್ತೆ. ಆಮೇಲೆ ಒಂದನೇ ಕ್ಲಾಸಿಗೆ ಯಾರೂ ಮುಟ್ಟಲ್ಲ. ನಿಮ್ ಹಾಗೆ ಕೂದಲು ಗುಡಿಸ್ಕೊಂಡು ಇರ್ಲಿ."

ಐದನೆಯ ಶಾಲೆಗೆ ಅವನು ಕೈಗನ್ನಡಿ ಹಿಡಿದು ಹೋದ. "ಇದೇನ್ ಸರ್ಕಸ್ಸಾ?" ಎಂದು ಗುಮಾಸ್ತನೇ ಬಾಗಿಲಲ್ಲಿ ತಡೆದ. ನಡೆದು ಹೋಗಬಹುದಾದ ಶಾಲೆಗಳಲ್ಲಿ ಇನ್ನು ಉಳಿದದ್ದು ಒಂದೇ.

ಅಲ್ಲಿಯ ಹೆಡ್ ಮೇಡಂ ಮೇಜಿನ ಹಿಂದೆ ಕುಳಿತಿದ್ದರು. ಹುಡುಗಿಯ ಹೆಸರು ಕೇಳಿದರು. ಹುಡುಗಿ ತಿರುಗಿ ನಿಂತಳು.

"ಮಾತಾಡಲ್ವಾ? ಹಾಗಾದ್ರೆ ನೀವೇ ಹೇಳಿ, ನಿಮ್ ಮಗಳನ್ನ ಯಾಕೆ ಸೇರಿಸ್ಕೋಬೇಕು?"

ಹೇಳಬೇಕಾದುದನ್ನೆಲ್ಲ ಅವನು ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡಿದ್ದ. ಅವಳಿಗೆ ಲೆಕ್ಕ ಬರುತ್ತೆ, ಬಣ್ಣ ಗೊತ್ತು, ಕೇಳಿದ್ದು ಮರೆಯಲ್ಲ. ತಲೆಯೆತ್ತಿದ. ಎರಡು ಕಣ್ಣು ನೇರವಾಗಿ ಅವನನ್ನೇ ನೋಡುತ್ತಿದ್ದವು. ನಡುವೆ ಕನ್ನಡಿಯಿಲ್ಲ, ಕೈಯಲ್ಲಿ ಕತ್ತರಿಯಿಲ್ಲ. ಮಾತು ನಾಲಿಗೆಯ ತುದಿಯವರೆಗೆ ಬಂದು ಅಲ್ಲೇ ಒಣಗಿತು. ಎತ್ತಲಾದರೂ ತಿರುಗಿಬಿಟ್ಟರೆ ಸಾಕಪ್ಪಾ ಎನಿಸಿತು. ಪಾಪದ ಕೂಸು ನಾಲ್ಕು ಕಡೆ ಇದನ್ನೇ ಉಂಡಿತ್ತು. ಮೇಲೊಂದು ಚಿವುಟು ಬೇರೆ.

"ಹೇಳಿ," ಎಂದು ಮೇಡಂ ಗಡಿಯಾರ ನೋಡಿದರು. ಅವನು ಅಂಗಿಯ ಗುಂಡಿ ತಿರುವುತ್ತ ನಿಂತ. ಅವರು ಅರ್ಜಿಯನ್ನು ವಾಪಸ್ ಅವನತ್ತ ಸರಿಸಿದರು.

"ಅಪ್ಪಂಗೆ ಹೆದರಿಕೆ ಆಗ್ತಿದೆ." ಗೋಡೆಯ ಕಡೆಯಿಂದ ದನಿ ಬಂತು. "ನೀವು ಆ ಕಡೆ ತಿರುಗಿ. ಆಗ ಮಾತಾಡ್ತಾನೆ."

ಕಾಗದದ ಮೇಲಿನ ಬೆರಳು ಹಾಗೇ ನಿಂತಿತು. ಮೇಡಂ ಹುಡುಗಿಯ ಬೆನ್ನನ್ನು ನೋಡಿದರು, ಅಪ್ಪನ ಮುಖ ನೋಡಿದರು. ಏನನ್ನಿಸಿತೋ, ಎದ್ದು ಹೋಗಿ ಕಿಟಕಿಯತ್ತ ಮುಖ ಮಾಡಿ ನಿಂತರು.

"ಸರಿ, ತಿರುಗಿದೆ."

ಹುಡುಗಿ ಮೆಲ್ಲಗೆ ಇತ್ತ ತಿರುಗಿದಳು. ಮೇಡಂ ಅವರ ತಲೆಯ ಹಿಂಭಾಗವನ್ನು ತುಸು ಹೊತ್ತು ಪರೀಕ್ಷಿಸಿದಳು.

"ನಿಮ್ ಕೂದಲು ಯಾರು ಕತ್ತರಿಸಿದ್ದು? ಒಂದು ಕಡೆ ಗಿಡ್ಡ ಆಗಿದೆ."

ಅವನು ಬೆಚ್ಚಿ ತನ್ನ ಬಾಯಿಗೆ ಕೈ ಅಡ್ಡ ಹಿಡಿದ.

ಮೇಡಂ ತಿರುಗಲಿಲ್ಲ. ಅವರ ಕೈ ತಾನಾಗಿಯೇ ಕತ್ತಿನ ಹಿಂದಕ್ಕೆ ಹೋಯಿತು.

"ಯಾವ ಕಡೆ?"

"ಎಡಗಡೆ."

"ಎಷ್ಟು ಗಿಡ್ಡ?"

"ಎರಡು ಬೆರಳು. ನನ್ ಬೆರಳಲ್ಲ, ನಿಮ್ ಬೆರಳು."

ಮೇಡಂ ಕತ್ತಿನ ಬಳಿ ಎರಡು ಬೆರಳಿಟ್ಟು ಅಳೆದು ನೋಡಿದರು.

"ಇನ್ನೂ ಏನೇನು ಕಾಣ್ತಿದೆ, ಹೇಳು," ಎಂದರು ಮೇಡಂ. ಹುಡುಗಿ ಹೇಳತೊಡಗಿದಳು. ರೇಡಿಯೋ ಒಂದೂ ಮಾತಾಡದೆ ಕೇಳುತ್ತ ನಿಂತ.