ಸೂರಿಗೆ ಸಿಕ್ಕಿಸಿದ ಲೋಟ

ನಿನ್ನೆ ಅಡುಗೆಮನೆಯ ಶೆಲ್ಫಿಗೆ ಹೊಸ ಪೇಪರ್ ಹಾಸುತ್ತಿದ್ದೆ. ಮಗಳು ಫೋನಿನಲ್ಲಿ ಏನೋ ಓದಿ ನಕ್ಕಳು. ಚೀನಾದಲ್ಲಿ ಹಿಂದೆ ಒಬ್ಬ ಅಧಿಕಾರಿಯಿದ್ದನಂತೆ, ಯಾರನ್ನೂ ಮನೆಗೆ ಸೇರಿಸದ ಮನುಷ್ಯ. ಒಬ್ಬ ಗೆಳೆಯನಿಗೆ ಮಾತ್ರ ಒಂದು ಮಂಚ ಇಟ್ಟಿದ್ದ. ಆತ ಬಂದಾಗ ಇಳಿಸುವುದು, ಹೋದ ಮೇಲೆ ಗೋಡೆಗೆ ತೂಗುಹಾಕುವುದು. ಹಾಗಾಗಿ ಅಲ್ಲಿಯವರ ಮಾತಿನಲ್ಲಿ ‘ಮಂಚ ಇಳಿಸುವುದು’ ಎಂದರೆ ಅತಿಥಿಯನ್ನು ಆದರಿಸುವುದು ಎಂದಾಯಿತಂತೆ.

“ಈಗ ಲಾಡ್ಜಲ್ಲಿ ಉಳ್ಕೊಳ್ಳೋದಕ್ಕೂ ಅದೇ ಮಾತಂತಮ್ಮ,” ಎಂದಳು.

ನನಗೆ ನಗು ಬರಲಿಲ್ಲ. ಕೈಯಲ್ಲಿ ಖೈರುನ್ ಬೂಬಮ್ಮ ಕೊಟ್ಟ ಲೋಟವಿತ್ತು.

ಹರವೆಯ ನಮ್ಮ ಮನೆಗೆ ಬೂಬಮ್ಮ ಚಾಮರಾಜನಗರದಿಂದ ಹಾಸಿಗೆ ಹೊಲಿಯಲು ಬರುತ್ತಿದ್ದರು. ಅವರಿಗೆಂದೇ ಜಗುಲಿಯ ಸೂರಿನ ಸಂದಿಯಲ್ಲಿ ಒಂದು ಲೋಟ. ಕಾಫಿ ಎತ್ತರದಿಂದ ಹೊಯ್ಯುವುದು ಅಜ್ಜಿ; ಕುಡಿದು, ತೊಳೆದು, ಮತ್ತೆ ಸಿಕ್ಕಿಸುವುದು ಬೂಬಮ್ಮ. ಅದು ವಿಶೇಷ ಮರ್ಯಾದೆ ಎಂದೇ ನಾನು ತಿಳಿದಿದ್ದೆ. ಕಾನ್ವೆಂಟಿನಲ್ಲಿ ಥ್ಯಾಂಕ್ಯೂ, ಎಕ್ಸ್‌ಕ್ಯೂಸ್ ಮೀ ಎಲ್ಲ ಕಲಿತ ಜಾಣೆ ನೋಡಿ, ಒಂದು ದಿನ ಹೆಮ್ಮೆಯಿಂದ ಹೇಳಿಯೂ ಬಿಟ್ಟೆ: “ಇದ್ರಲ್ಲಿ ಬೇರೆ ಯಾರೂ ಕುಡಿಯಂಗಿಲ್ಲ ಬೂಬಮ್ಮ, ನಿಮಗೊಬ್ರಿಗೇ.”

ಅಜ್ಜಿ ಸರಕ್ಕನೆ ಒಳಗೆ ಹೋದರು. ಬೂಬಮ್ಮ ಸೂಜಿಗೆ ದಾರ ಪೋಣಿಸುತ್ತ, “ಊಂ ಕಣಮ್ಮಿ, ನಾನೇನ್ ಕಮ್ಮಿಯವಳಾ?” ಎಂದು ನಕ್ಕರು.

ಆ ನಗು ಅರ್ಥವಾದದ್ದು ಎರಡು ವರ್ಷದ ಮೇಲೆ. ಒಂದು ಸಂಜೆ ಚಾಮರಾಜನಗರದಲ್ಲಿ ಸ್ಕೂಲು ಬಿಟ್ಟು ಬರುವಷ್ಟರಲ್ಲಿ ಹರವೆ ಬಸ್ಸು ಹೋಗಿಬಿಟ್ಟಿತ್ತು. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲೇ ಬೂಬಮ್ಮನ ಮನೆ. ನನ್ನನ್ನು ನೋಡಿ ಕರೆದೊಯ್ದು ಕೂರಿಸಿದರು. ಗಂಟಲು ಒಣಗಿದ್ದರೂ ನೀರು ಕೇಳಲು ಹಿಂಜರಿದೆ. ಅವರೇ ಗೂಡಿನಿಂದ ಒಂದು ಸ್ಟೀಲ್ ಲೋಟ ತೆಗೆದರು. ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡೇ ಇತ್ತು.

“ನಮ್ಮನೆ ಅಡ್ಗೆ ಇದನ್ನ ಸೋಕಿಲ್ಲ ಕಣಮ್ಮಿ. ನೀ ಯಾವತ್ತಾರ ಬಂದೀಯ ಅಂತ ತಂದಿಟ್ಟಿದ್ದೆ. ಕುಡಿ, ನಿಮ್ಮಜ್ಜಿ ಬೈಯಕಿಲ್ಲ.”

ಕುಡಿದೆ. ಎರಡು ಲೋಟಗಳೂ ಬೇರೆಯಾಗಿ ಎತ್ತಿಟ್ಟವೇ. ನಮ್ಮದು ಅವರನ್ನು ದೂರವಿಡಲು, ಅವರದು ನನ್ನನ್ನು ಒಳಗೆ ಕರೆಯಲು. ತಲೆ ಎತ್ತಲಾಗಲಿಲ್ಲ.

ನಾನು ಮದುವೆಯಾಗಿ ಗುಂಡ್ಲುಪೇಟೆಗೆ ಹೊರಟಾಗ ಬೂಬಮ್ಮ ಆ ಸ್ಟೀಲ್ ಲೋಟವನ್ನೇ ನನ್ನ ಕೈಗಿಟ್ಟರು. ಇಷ್ಟು ವರ್ಷ ಅದನ್ನು ಜೋಪಾನ ಮಾಡಿದೆನೇ ಹೊರತು ಕೊಟ್ಟವರನ್ನು ಒಮ್ಮೆಯೂ ಮನೆಗೆ ಕರೆದಿರಲಿಲ್ಲ. ಮಂಚ ಗೋಡೆಯ ಮೇಲೇ ಉಳಿದಿತ್ತು.

ನಿನ್ನೆಯೇ ಫೋನ್ ಮಾಡಿದೆ. ಇವತ್ತು ಮಗಳು ಬಸ್ ಸ್ಟ್ಯಾಂಡಿಗೆ ಹೋಗಿ ಕರೆತಂದಳು. ಬೂಬಮ್ಮ ಹೊಸ್ತಿಲಾಚೆಯೇ ಕೂರಲು ಹೊರಟರು. ಕೈ ಹಿಡಿದು ಅಡುಗೆಮನೆಗೇ ಕರೆತಂದು ಅದೇ ಲೋಟದಲ್ಲಿ ಕಾಫಿ ಕೊಟ್ಟೆ.

“ಇದು ನಿನ್ ಲೋಟ ಕಣಮ್ಮಿ.”

“ಇವತ್ತು ನಿಮ್ದು.”

ಕುಡಿದಾದ ಮೇಲೆ, ಹಳೆಯ ಅಭ್ಯಾಸ, ಲೋಟ ಹಿಡಿದು ನಲ್ಲಿಯ ಕಡೆ ಎದ್ದರು. ನಾನು ಕೈ ಚಾಚಿದೆ. ಒಂದು ಗಳಿಗೆ ನನ್ನನ್ನೇ ನೋಡಿದರು, ಆಮೇಲೆ ಕೊಟ್ಟರು. ತೊಳೆದು, ಮಿಕ್ಕ ಲೋಟಗಳ ಸಾಲಿನಲ್ಲಿ ಬೋರಲು ಹಾಕಿದೆ.