ಅಕ್ಕನ ಎಡಗಡೆಯ ಜಾಗ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಇಷ್ಟು ಸಿಟ್ಟಿನವಳನ್ನು ಅದ್ಯಾವ ಪುಣ್ಯಾತ್ಮ ಮ್ಯಾನೇಜರ್ ಮಾಡಿದ ಅಂತ ನಮ್ಮ ಮನೆಯವರು ಈಗಲೂ ತಮಾಷೆ ಮಾಡುವುದುಂಟು. ಮಾಡಲಿ. ಹನ್ನೊಂದು ವರ್ಷ ಬೆಂಚಿನ ಮೇಲೆ ಕೂತು ಗೇರುಬೀಜ ಆರಿಸಿದವಳು ನಾನು, ಯಾರೂ ಕರೆದು ಸುಮ್ಮನೆ ಕೊಟ್ಟದ್ದಲ್ಲ.

ಬೈಂದೂರು ಕಡೆಯ ಒಂದು ಗೇರುಬೀಜದ ಕಾರ್ಖಾನೆ ಅದು. ಕಿಟಕಿಯುದ್ದಕ್ಕೂ ಒಂದು ಮೇಜು, ಸುತ್ತ ಹನ್ನೆರಡು ಹೆಂಗಸರು. ಸಿಪ್ಪೆ ತೆಗೆದ ಬೀಜ ಸುರಿದರೆ ಬಿಳಿಯದನ್ನು ಒಂದು ಟ್ರೇಗೆ, ತುಸು ಕಂದು ತಿರುಗಿದ್ದನ್ನು ಇನ್ನೊಂದು ಟ್ರೇಗೆ ಹಾಕುವುದು ನಮ್ಮ ಕೆಲಸ. ಕೈ ಅಲ್ಲಿ, ಬಾಯಿ ಊರೆಲ್ಲ. ಶಿರೂರಿನಿಂದ ಬಸ್ಸಲ್ಲಿ ಬರುವವಳು ಕಂಡಕ್ಟರನ ಜಗಳ ತರುತ್ತಿದ್ದಳು, ಕಿರಿಮಂಜೇಶ್ವರದವಳು ನಾದಿನಿಯ ಜಗಳ. ಹತ್ತೂವರೆಗೆ ಮೀನಿನ ಸ್ಕೂಟರಿನ ಹಾರ್ನ್ ಕೇಳಿದರೆ ಮೇಜೇ ಖಾಲಿ, ಎಲ್ಲರೂ ಗೇಟಿಗೆ. ಈಗ ಬಣ್ಣ ಆರಿಸಲಿಕ್ಕೆ ಯಂತ್ರ ಬಂದಿದೆ. ಚೆನ್ನಾಗಿಯೇ ಆರಿಸುತ್ತದೆ, ನನ್ನ ತಕರಾರಿಲ್ಲ. ಆದರೂ ಆ ಮೇಜು ನೆನಪಾದರೆ ಸಂಕಟವಾಗುತ್ತದೆ, ಅಷ್ಟು ನಗು ನಾನು ಮತ್ತೆಲ್ಲೂ ನಗಲಿಲ್ಲ.

ನನಗೆ ಕೆಲಸ ಕಲಿಸಿದವಳು ನನ್ನ ಬಲಕ್ಕೆ ಕೂರುತ್ತಿದ್ದ ಅಕ್ಕ. ಒಡಹುಟ್ಟಿದವಳಲ್ಲ, ಎಲ್ಲರೂ ಅಕ್ಕ ಅಂತಲೇ ಕರೆಯುತ್ತಿದ್ದೆವು. ಗಂಡ ತೀರಿಹೋಗಿದ್ದ, ಮಗಳನ್ನು ಬ್ರಹ್ಮಾವರಕ್ಕೆ ಕೊಟ್ಟಾಗಿತ್ತು. ಅಳಿಯನ ಮನೆಯಲ್ಲಿ ಕೂತು ಉಣ್ಣುವ ಪೈಕಿ ಅಲ್ಲ ಅವಳು, ಈ ಕೂಲಿಯೇ ಅವಳ ಜೀವನ. ನಾನು ಬೆಂಚಿನಲ್ಲಿದ್ದ ಕೊನೆಯ ಎರಡು ವರ್ಷ ಒಂದೊಂದು ಬೀಜ ನನ್ನ ಕಡೆ ತಳ್ಳಿ, "ಕಾಣ್ ಹೆಣೆ, ಇದ್ ಬಿಳಿಯಾ ಕಂದಾ, ಹೇಳ್ ಕಾಂಬ" ಎನ್ನುತ್ತಿದ್ದಳು. ನಾನು ಹೇಳುತ್ತಿದ್ದೆ. "ಭೇಷ್" ಅಂತ ಟ್ರೇಗೆ ಹಾಕುತ್ತಿದ್ದಳು. ಗುರು ಪರೀಕ್ಷೆ ಮಾಡುತ್ತಿದ್ದಾಳೆ ಅಂತ ನನಗೆ ಎಲ್ಲಿಲ್ಲದ ಹೆಮ್ಮೆ. ಧಣಿಗಳು ನನ್ನನ್ನು ಮ್ಯಾನೇಜರ್ ಮಾಡಿದ್ದೂ ಬಣ್ಣ ತಪ್ಪದ ಕಣ್ಣು ಅಂತಲೇ.

ಮ್ಯಾನೇಜರ್ ಆದ ಮೇಲೆ ಕುಂದಾಪುರದಲ್ಲಿ ಎರಡು ದಿನ ತರಬೇತಿ. ಟೈ ಕಟ್ಟಿದವರೊಬ್ಬರು ಹೊಸ ಮ್ಯಾನೇಜರರಿಗೆ ಯಾವ ಯಾವ ಗುಣ ಇರಬೇಕು ಅಂತ ಹೇಳಿದರು. ಹಳೆಯ ಸ್ನೇಹ ದೂರ ಇಡಬೇಕು. ಯಾರಿಗೂ ವಿಶೇಷ ಸಲಿಗೆ ಕೊಡಬಾರದು. ತಪ್ಪು ಯಾರದ್ದು ಅಂತ ತಕ್ಷಣ ಗೊತ್ತಾಗಬೇಕು. ನಾನು ಒಂದಕ್ಷರ ಬಿಡದೆ ಬರೆದುಕೊಂಡೆ. ಬಂದವಳೇ ಎಲ್ಲರಿಗೂ ಒಂದೊಂದು ನಂಬರ್ ಕೊಟ್ಟು, ಆರಿಸಿದ ಟ್ರೇಗೆ ಆ ನಂಬರಿನ ಚೀಟಿ ಹಾಕಿಸಿದೆ. ಅಕ್ಕನದು ಏಳು.

ಮರುದಿನದಿಂದ ಅಕ್ಕ ಶುರುಮಾಡಿದಳು. ಅಂಗೈಯಲ್ಲಿ ನಾಲ್ಕು ಬೀಜ ಹಿಡಿದುಕೊಂಡು ನನ್ನ ಕೋಣೆಗೆ. "ಇದ್ ಯಾವ ಟ್ರೇಗೆ ಹೆಣೆ?" ಹೇಳಿ ಕಳಿಸಿದೆ. ಅರ್ಧ ಗಂಟೆ ಬಿಟ್ಟು ಮತ್ತೆ ನಾಲ್ಕು ಬೀಜ. ಮಧ್ಯಾಹ್ನದೊಳಗೆ ಐದು ಸಲ. ಮೇಜಿನಲ್ಲಿ ಯಾರೋ ಕಿಸಕ್ಕೆಂದರು. ನನ್ನ ಹೊಸ ಪದವಿಗೆ ಗೇಲಿ ಮಾಡುತ್ತಿದ್ದಾಳೆ, ತಾನೇ ಕಲಿಸಿದವಳಿಗೆ ಇಷ್ಟು ಗತ್ತಾ ಅಂತ ಆಡಿಸುತ್ತಿದ್ದಾಳೆ ಅಂತ ನನ್ನ ತಲೆಗೆ ಬಂತು. ನಾಲ್ಕನೆಯ ದಿನ ಎಲ್ಲರ ಎದುರಿಗೇ ಕೂಗಿದೆ. "ಎಂತ ಅಕ್ಕ, ಇಷ್ಟ್ ವರ್ಷ ಆಯ್ತ್, ಬಿಳಿ ಯಾವ್ದ್ ಕಂದ್ ಯಾವ್ದ್ ಗೊತ್ತಾತಿಲ್ಯಾ? ನಂಗೆ ಬೇರೆ ಕೆಲ್ಸ ಇಲ್ಯಾ? ಇನ್ ಬರ್ಬೇಡಿ ಇಲ್ಲಿಗೆ!"

ಅಕ್ಕ ಮುಖ ಕೆಳಗೆ ಹಾಕಿ ಹೋದಳು. ಮತ್ತೆ ಬರಲಿಲ್ಲ. ಸುಧಾರಿಸಿದಳು ಅಂತ ನಾನು ಬೀಗಿದೆ.

ಹದಿನೈದು ದಿನಕ್ಕೆ ಧಣಿಗಳು ಕರೆದರು. ಬಿಳಿ ಬೀಜದಲ್ಲಿ ಕಂದು ಸೇರಿದೆ ಅಂತ ವ್ಯಾಪಾರಿ ತಕರಾರು ಮಾಡಿದ್ದಾನೆ. ಟ್ರೇಗಳನ್ನು ನೋಡಿದರೆ ಕಂದು ಸೇರಿದ್ದೆಲ್ಲ ಏಳನೇ ನಂಬರಿನದ್ದೇ. ನನ್ನ ಚೀಟಿ ಚೆನ್ನಾಗಿ ಕೆಲಸ ಮಾಡಿತ್ತು. "ಸೋಮವಾರದಿಂದ ಅವಳು ಬರುವುದು ಬೇಡ. ನೀವೇ ಹೇಳಿಬಿಡಿ" ಎಂದರು ಧಣಿಗಳು.

ಹೇಳಲಿಕ್ಕೆ ಮೇಜಿನ ಕಡೆ ಹೋದೆ. ಮೀನಿನವನು ಬಂದು ಎಲ್ಲರೂ ಗೇಟಿನಲ್ಲಿದ್ದರು. ಬಂಗುಡೆಗೆ ಎಲ್ಲರಿಗಿಂತ ಮೊದಲು ಓಡುತ್ತಿದ್ದ ಅಕ್ಕ ಮಾತ್ರ ಒಬ್ಬಳೇ ಕೂತು, ಒಂದು ಬೀಜವನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸುತ್ತಿದ್ದಳು. ನಾನು ಕಿಟಕಿಯ ಹತ್ತಿರ ಹೋಗಿ ನಿಂತೆ. ಅವಳು ಕಣ್ಣು ಕಿರಿದು ಮಾಡಿ ನನ್ನತ್ತ ನೋಡಿ, ಬೀಜ ಚಾಚಿದಳು.

"ಹ್ವಾಯ್, ಇದೊಂದ್ ಕಂಡ್ ಹೇಳ್ ಮಾರಾಯ್ತಿ, ಬಿಳಿಯಾ? ಬೇಗ, ಮ್ಯಾನೇಜರಮ್ಮ ಬಪ್ಪದ್ರೊಳ್ಗೆ."

ಮೂರು ಹೆಜ್ಜೆ ದೂರದಲ್ಲಿ ನಿಂತಿದ್ದೆ. ನಾನು ಅಂತ ಅವಳಿಗೆ ಗೊತ್ತಾಗಲಿಲ್ಲ. ಬೀಜ ತೆಗೆದುಕೊಂಡೆ. ಕಂದು. ಯಾವ ಮಗುವಿಗಾದರೂ ಗೊತ್ತಾಗುವಷ್ಟು ಕಂದು.

"ಕಂದ್, ಅಕ್ಕ" ಎಂದೆ.

ದನಿ ಕೇಳಿದ್ದೇ ಅವಳ ಕೈ ಹಾಗೇ ನಿಂತಿತು.

"ಎಷ್ಟ್ ದಿನ ಆಯ್ತ್ ಕಣ್ಣ್ ಹೀಂಗೆ?"

"ಎರಡ್ ವರ್ಷ. ಎಲ್ಲಾ ಮಸ್ಕ್ ಮಸ್ಕ್, ಬಿಳಿಯೂ ಕಂದೂ ಒಂದೇ ಕಂಡಾಂಗೆ ಆತ್ತ್."

ಎರಡು ವರ್ಷ! ನಾನು ಪರೀಕ್ಷೆ ಅಂದುಕೊಂಡಿದ್ದೆಲ್ಲ ಅವಳು ಕಣ್ಣು ಕಾಣದೆ ಕೇಳಿದ್ದು. ಅವಳ ಟ್ರೇ ಸರಿಯಾಗುತ್ತಿದ್ದದ್ದು ಎಡಗಡೆ ನಾನು ಕೂತಿದ್ದಕ್ಕೆ. ನನಗೆ ಅಳು ಬಂತು, ಅಳುವಿಗಿಂತ ಮೊದಲು ಹಾಳು ಸಿಟ್ಟು ಬಂತು. "ಹೇಳೂಕೆ ಆತಿರ್ಲಿಲ್ಯಾ ನಂಗೆ?" ಅಂತ ರೇಗಿದೆ.

"ಬಂದಿದ್ನಲೆ ಹೆಣೆ" ಎಂದಳು ಅಕ್ಕ ಮೆಲ್ಲಗೆ, "ದಿನಾ ಬಂದಿದ್ನಲೆ ನಿನ್ನ ಹತ್ರ."

ಸೀದಾ ಧಣಿಗಳ ಕೋಣೆಗೆ ಹೋದೆ. ತಪ್ಪು ಏಳನೇ ನಂಬರಿನದ್ದಲ್ಲ, ನನ್ನದು ಎಂದೆ. ನಾಲ್ಕು ದಿನ ಸಹಾಯ ಕೇಳಿ ಬಂದವಳನ್ನು ಬೈದು ಓಡಿಸಿದ್ದು ನಾನು. ಅವಳು ಸಿಪ್ಪೆ ತೆಗೆಯಲಿ, ಅದಕ್ಕೆ ಬೆರಳು ಸಾಕು, ಕಣ್ಣು ಸರಿಯಾದ ಮೇಲೆ ಮೇಜಿಗೆ ಬರಲಿ. ಧಣಿಗಳು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಆಗುವುದಿಲ್ಲ ಅಂದರೆ?" ಎಂದರು. "ನಾನೇ ಬೆಂಚಿಗೆ ವಾಪಸ್ ಹೋತೆ, ಅವಳ ಎಡಕ್ಕೆ ಕೂತ್ ಬೀಜ ಕಂಡ್ ಹೇಳ್ತೆ" ಎಂದೆ. ಅದು ಧೈರ್ಯವಲ್ಲ, ಅಷ್ಟು ನಾಚಿಕೆಯಾಗಿತ್ತು ನನಗೆ. ಅವರು ಕನ್ನಡಕ ಮತ್ತೆ ಹಾಕಿಕೊಂಡು, ಎರಡು ತಿಂಗಳು ನೋಡುವ ಎಂದರು.

ಕಣ್ಣಿನಲ್ಲಿ ಪೊರೆ ಬಂದಿದೆ, ತೆಗೆದರೆ ಕಾಣುತ್ತದೆ ಅಂತ ಕುಂದಾಪುರದ ಡಾಕ್ಟರು ಹೇಳಿದರು. ಆಪರೇಷನ್ನಿನ ದಿನ ಮಗಳು ಬ್ರಹ್ಮಾವರದಿಂದ ಬರುವುದು ಸ್ವಲ್ಪ ತಡವಾಯಿತು. ಆಸ್ಪತ್ರೆಯ ಬೆಂಚಿನಲ್ಲಿ ನಾವಿಬ್ಬರೇ ಕೂತಿದ್ದೆವು. ಅಕ್ಕ ನನ್ನ ಕೈ ಹಿಡಿದುಕೊಂಡಿದ್ದಳು.

"ನಿನ್ನ ಮ್ಯಾನೇಜರ್ ಮಾಡ್ರ್ ಅಂದೇಳಿ ಕೇಂಡ್ ನಂಗೆ ಎಷ್ಟ್ ಖುಷಿ ಆಯ್ತ್ ಗೊತ್ತಿತ್ತಾ?" ಎಂದಳು. "ಮತ್ತೆ ಕೈಕಾಲ್ ತಣ್ಣಗಾಯ್ತ್. ನಾಳೆಯಿಂದ ನಂಗೆ ಬೀಜ ಕಂಡ್ ಹೇಳುವರ್ ಯಾರ್ ಅಂದೇಳಿ."

ಮ್ಯಾನೇಜರ್ ಆದ ಆ ದಿನ ನಾನು ಎಲ್ಲರಿಗೂ ಜಿಲೇಬಿ ಹಂಚಿದ್ದೆ. ಅಕ್ಕ ಎರಡು ಕೇಳಿ ತೆಗೆದುಕೊಂಡಿದ್ದಳು, ನಗುತ್ತಾ ತಿಂದಿದ್ದಳು.